ಗುಮ್ಮಟದ ಕೆಳಗಿನ ಪ್ರದಕ್ಷಿಣೆ

ನೆನೆದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ವಾಷಿಂಗ್ಟನ್ನಿನ ಬೈಜಾಂಟೈನ್ ಶೈಲಿಯ ಚರ್ಚೊಂದನ್ನು ನೋಡಲೆಂದೇ ನಾವಿರುವ ಕ್ಯಾರಿ ಊರಿನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗಿದ್ದೆವು. ಚೌಕ ಗೋಡೆಗಳ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂತಿದೆಯೆಂದು ನಾನು ಕತ್ತೆತ್ತಿ ನೋಡುತ್ತಿದ್ದೆ. ಅಷ್ಟರಲ್ಲಿ ನನ್ನ ಗಂಡ ಪ್ರದಕ್ಷಿಣೆ ಹಾಕುವ ಅಭ್ಯಾಸಬಲದಿಂದ, ಬಲಿಪೀಠವನ್ನು ಮರೆಮಾಡಿದ್ದ ಸಂತರ ಚಿತ್ರಗಳ ಗೋಡೆಯ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರು. ಚರ್ಚಿನ ಮುದುಕರೊಬ್ಬರು ಓಡಿಬಂದು, ಅಲ್ಲಿಗೆ ಪಾದ್ರಿಗಳು ಮಾತ್ರ ಹೋಗಬಹುದೆಂದು ಹೇಳಿ, ತಡೆದದ್ದಕ್ಕೆ ಎರಡು ಸಲ ಸಾರಿಯನ್ನೂ ಕೇಳಿದರು.

ಕಾರು ಹತ್ತಿದ್ದೇ ತಡ, ಗಂಡ ಶುರು ಮಾಡಿದರು: "ನಮ್ ಕಲರ್ ನೋಡಿ ಸ್ಟಾಪ್ ಮಾಡ್ದ. ಕಂಪ್ಲೇಂಟ್ ಮಾಡ್ತೀನಿ."

ನನಗೆ ಮೈಯೆಲ್ಲ ಉರಿಯಿತು. "ಹೋದ್ ತಿಂಗ್ಳು ನಮ್ ಟೆಂಪಲ್‌ನಲ್ಲಿ ಗರ್ಭಗುಡಿ ಹೊಸ್ತಿಲು ದಾಟಿದ ಅಮೆರಿಕನ್ ಹುಡುಗಿ ಮೇಲೆ ನೀವೇ ಕೂಗಾಡಿ ಅಳಿಸಿದ್ರಲ್ಲ, ಅವಳಿಗೆ ಎಷ್ಟು ಸಲ ಸಾರಿ ಕೇಳಿದ್ರಿ?"