ಚರ್ಚಿನಿಂದ ಬಂದ ಮುಖ

ಅಮೆರಿಕದ ಸ್ಯಾನ್ ಮಟಿಯೋದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದವರು. ಅವರ ಟೀವಿಯ ಪಕ್ಕದಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲಿನ ಮುಖವೊಂದಿತ್ತು. ಮೂಗು ಒಡೆದಿತ್ತು. ಗಡ್ಡದ ಸುರುಳಿಗಳಲ್ಲಿ ಅಲ್ಲಲ್ಲಿ ಕೆಂಪು ಬಣ್ಣ ಉಳಿದಿತ್ತು. ಯಾವುದೋ ಅಂಗಡಿಯ ಶೋಪೀಸು ಎಂದೇ ನಾನು ತಿಳಿದಿದ್ದೆ.

ಕಳೆದ ವರ್ಷ ಒಂದು ಸಂಜೆ ಟೀ ಕುಡಿಯುವಾಗ ಅವರೇ ಅದರ ಕಥೆ ಹೇಳಿದರು. ಅದು ಅವರ ಊರಿನ ಆಂಗ್ಲಿಕನ್ ಚರ್ಚಿನದು. ಎಂಟುನೂರು ವರ್ಷ ಹಳೆಯ ಕಟ್ಟಡ. ಒಂದು ಕಾಲಕ್ಕೆ ಗೋಡೆ ತುಂಬ ಬಣ್ಣದ ಚಿತ್ರಗಳೂ ಸಂತರ ವಿಗ್ರಹಗಳೂ ಇದ್ದವಂತೆ. ರಾಜರು ಪೋಪನ ಸಂಬಂಧ ಕಡಿದುಕೊಂಡ ಕಾಲದಲ್ಲಿ, ವಿಗ್ರಹ ಇಡಕೂಡದೆಂದು ಆಜ್ಞೆಯಾಗಿ, ಊರಿನವರೇ ಅವನ್ನು ಒಡೆದರು, ಚಿತ್ರಗಳ ಮೇಲೆ ಸುಣ್ಣ ಬಳಿದರು. ಚೂರುಗಳು ಗೋಡೆಯೊಂದರ ಒಳಗೆ ಸೇರಿಹೋಗಿದ್ದವು. ಅಜ್ಜಿಯ ಹರೆಯದಲ್ಲಿ ದುರಸ್ತಿಗೆಂದು ಆ ಗೋಡೆ ಬಿಚ್ಚಿದಾಗ ಹೊರಬಂದವು.

“ಮದುವೆಯ ಹಿಂದಿನ ದಿನ, ಬೇರೆಯವರ ಕಣ್ಣಿಗೆ ಬೀಳೋ ಮೊದಲೇ, ಇದನ್ನ ಚೂರುಗಳ ರಾಶಿಯಿಂದ ಎತ್ತಿ ಕೋಟಿನೊಳಗೆ ಬಚ್ಚಿಟ್ಟುಕೊಂಡು ಬಂದೆ. ಊರಿನದು ಏನಾದರೂ ಜೊತೆಗಿರಲಿ ಅನ್ನಿಸಿತ್ತು. ಒಡೆದವರು ರಾಜನಿಗೆ ಹೆದರಿ ಒಡೆದರು. ನನಗೆ ಯಾರ ಹೆದರಿಕೆಯೂ ಇರಲಿಲ್ಲ, ಆದರೂ ಕದ್ದೆ,” ಎಂದರು.

ಈಗ ಅದನ್ನು ಹಿಂದಿರುಗಿಸುವ ಮನಸ್ಸು ಅವರಿಗೆ. ನಾನು ಜಾಣತನ ತೋರಿಸಿದೆ. “ಹೆಸರು ಹಾಕದೆ ಪಾರ್ಸೆಲ್ ಮಾಡಿಬಿಡಿ. ಯಾರಿಗೂ ಗೊತ್ತಾಗಲ್ಲ.”

ಅವರು ಕಪ್ಪು ಕೆಳಗಿಟ್ಟರು. “ಮತ್ತೆ ಬಚ್ಚಿಡಬೇಕಾ?”

ತಾವೇ ವಿಮಾನದಲ್ಲಿ ಒಯ್ದು ಕೊಡುವುದಾಗಿ ಹೇಳಿದರು; ಏರ್‌ಪೋರ್ಟಿಗೆ ನಾನು ಬಿಡುತ್ತೇನೆಂದೆ.

ಮನೆಯಲ್ಲಿ ಹೇಳಿದರೆ ನನ್ನ ಗಂಡ, “ಏರ್‌ಪೋರ್ಟಲ್ಲಿ ಹಿಡಿದ್ರೆ ನೀನೂ ಸಿಕ್ಕಾಕೊಳ್ತೀಯ. ನಮಗ್ಯಾಕೆ ಈ ಉಸಾಬರಿ? ಕ್ಯಾಬಲ್ಲಿ ಹೋಗ್ಲಿ ಬಿಡು,” ಎಂದ. ಒಂದು ಗಳಿಗೆ ನನಗೂ ಅದೇ ಸರಿಯೆನ್ನಿಸಿತು. ಹಾಗನ್ನಿಸಿದ್ದಕ್ಕೇ ನಾಚಿಕೆಯಾಗಿ, ಹೊರಡುವ ದಿನ ನಾನೇ ಕಾರು ತೆಗೆದೆ. ಫ್ರೀವೇಯುದ್ದಕ್ಕೂ ಅಜ್ಜಿ ಟವೆಲ್ಲಿನಲ್ಲಿ ಸುತ್ತಿದ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಅವರು ವಾಪಸು ಬಂದ ದಿನವೂ ನಾನೇ ಹೋದೆ. ಅವರು ಕಾರು ಹತ್ತಿ ಬೆಲ್ಟು ಹಾಕಿಕೊಂಡರು.

“ಬಯ್ದರಾ?” ಎಂದು ಕೇಳಿದೆ.

“ಇಲ್ಲ. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ನಿಂತು ಹೇಳಿದೆ. ಪಾದ್ರಿ ಕೂರಿಸಿ ಟೀ ಕೊಟ್ಟರು. ಬಯ್ದಿದ್ದರೆ ವಾಸಿಯಿತ್ತು.”

ಚರ್ಚಿನ ಬಾಗಿಲ ಬಳಿ ತಲೆಯಿಲ್ಲದ ಸಂತನ ವಿಗ್ರಹವೊಂದಿದೆಯಂತೆ. ಮುಖವನ್ನು ಅದರ ಮೇಲಿಟ್ಟು ನೋಡಿದರು. ಕೂರಲಿಲ್ಲ. ಆಗ ಊರಿನ ಮುದುಕರೊಬ್ಬರಿಗೆ ನೆನಪಾಯಿತು: ಗೋಡೆಯಿಂದ ಸಿಕ್ಕ ಉಳಿದ ಚೂರುಗಳಲ್ಲಿ ಒಂದಕ್ಕೂ ಕಣ್ಣು ಮೂಗು ಇರಲಿಲ್ಲವೆಂದು, ಬರೀ ಕಲ್ಲೆಂದುಕೊಂಡು ಅಂಗಳದ ದಾರಿಗೆ ಜಲ್ಲಿ ಮಾಡಿ ಹಾಕಿದ್ದರು.

“ಮುಖ ಅಲ್ಲೇ ಇದ್ದಿದ್ದರೆ ಅವೂ ವಿಗ್ರಹದ ಚೂರುಗಳೇ ಅಂತ ಗೊತ್ತಾಗ್ತಿತ್ತು,” ಎಂದು ಅಜ್ಜಿ ಕಿಟಕಿಯ ಕಡೆ ತಿರುಗಿದರು. “ಆ ದಾರಿಯಲ್ಲೇ ನಡೆದು ಹೊರಗೆ ಬಂದೆ.”

‘ನಿಮಗೇನು ಗೊತ್ತಿತ್ತು’ ಎಂಬ ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂತು. ಪಾರ್ಸೆಲ್ಲಿನ ಸಲಹೆ ಕೊಟ್ಟವಳೂ ನಾನೇ ಎಂದು ನೆನೆದು ನುಂಗಿಕೊಂಡೆ. ಸೂಟ್‌ಕೇಸು ಒಳಗಿಟ್ಟು, ಅವರ ಅಡುಗೆಮನೆಯಲ್ಲೇ ಅನ್ನ ತಿಳಿಸಾರು ಮಾಡಿದೆ. ತಲೆ ತಗ್ಗಿಸಿಕೊಂಡೇ ಇಬ್ಬರೂ ಉಂಡೆವು.