ಲ್ಯಾಬ್ ಆಂಟಿಯ ಎದುರು ನುಂಗಿದ ಮಾತ್ರೆಗಳು

ಮೊನ್ನೆ ಜಯನಗರದ ಮೆಡಿಕಲ್ ಶಾಪಿನಲ್ಲಿ ಮಗಳ ಕೆಮ್ಮಿನ ಸಿರಪ್‌ಗೆಂದು ನಿಂತಿದ್ದಾಗ, ಕೌಂಟರಿನ ಗಾಜಿನ ಮೇಲೆ ಯಾರದೋ ಮಾತ್ರೆಗಳು ಕಂಡವು. ಇಟ್ಟಿಗೆ ಬಣ್ಣದ ಕ್ಯಾಪ್ಸೂಲ್‌ಗಳು. ನೋಡಿದ ಕೂಡಲೇ ಖಾಲಿ ಹೊಟ್ಟೆಯ ಆ ಹಳೆಯ ಸಂಕಟ ಗಂಟಲಿಗೆ ಬಂತು... ಅದರ ಹಿಂದೆಯೇ ಲ್ಯಾಬ್ ಆಂಟಿಯ ನೆನಪು.

ಯಡಿಯೂರಿನಲ್ಲಿ ಅವರದು ನಮ್ಮಿಂದ ಎರಡು ಮನೆ ಆಚೆ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಆಯುಷ್ಯವೆಲ್ಲ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನಿವೃತ್ತರಾದವರು. ನಾನಾಗ ಎರಡನೇ ವರ್ಷದ ಬಿ.ಕಾಂ. ಕತ್ತಿನಲ್ಲಿ ಗಂಟು ಎದ್ದಿತ್ತು. ಪರೀಕ್ಷೆ ಮಾಡಿಸಿದರೆ ಟಿಬಿ. ಗಂಟಿನ ಟಿಬಿ ಇನ್ನೊಬ್ಬರಿಗೆ ಅಂಟುವುದಿಲ್ಲವೆಂದು ಡಾಕ್ಟರು ಎಷ್ಟು ಹೇಳಿದರೂ ಅಮ್ಮನಿಗೂ ಅಜ್ಜಿಗೂ ಒಂದೇ ಚಿಂತೆ, ನಾಳೆ ಹುಡುಗಿಗೆ ಗಂಡು ಸಿಗಬೇಕಲ್ಲ! ಹೊರಗಿನವರಲ್ಲಿ ವಿಷಯ ಗೊತ್ತಿದ್ದದ್ದು ಲ್ಯಾಬ್ ಆಂಟಿಗೊಬ್ಬರಿಗೇ. ಬಂದು ಹೋಗುವವರ ಕಣ್ಣಿಗೆ ಬೀಳದಿರಲೆಂದು ಮಾತ್ರೆಗಳನ್ನು ಅವರ ಮನೆಯಲ್ಲೇ ಇಟ್ಟಿದ್ದೆವು. ಬೆಳಿಗ್ಗೆ ಏಳಕ್ಕೆ ಹೋಗಿ ಅವರೆದುರೇ ನುಂಗಬೇಕು. ಅರ್ಧ ಗಂಟೆ ಕಾದ ಮೇಲೆ ಕಾಫಿ.

"ಬೇರೆ ಮಾತ್ರೆ ಐದು ದಿನಕ್ಕೆ ಮುಗಿಯುತ್ತೆ, ಇದ್ಯಾಕೆ ಆಂಟಿ ಆರು ತಿಂಗಳು?" ಎಂದು ಒಮ್ಮೆ ಗೊಣಗಿದೆ.

"ಬೇರೆ ಕಳ್ಳರು ಬೀದೀಲಿ ಸಿಗ್ತಾರೆ ಕಣೆ. ಇವನು ಪೊಲೀಸ್ ಸ್ಟೇಷನ್ ಒಳಗೇ ಮನೆ ಮಾಡ್ಕೊಂಡಿದಾನೆ."

ಆಮೇಲೆ ಬಿಡಿಸಿ ಹೇಳಿದರು. ದೇಹದ ಕಾವಲು ಕೋಶಗಳು ರೋಗಾಣುವನ್ನು ನುಂಗಿ, ಹುಳಿ ಸುರಿದು ಕೊಲ್ಲಲು ನೋಡುತ್ತವಂತೆ. ಇದು ಸಾಯದೆ ಅಲ್ಲೇ ಸಂಸಾರ ಹೂಡುತ್ತದೆ. ಎಷ್ಟೋ ಔಷಧಿಗಳು ಕೋಶದ ಗಡಿ ದಾಟಲಾರದೆ ಹೊರಗೇ ಸುತ್ತುತ್ತವೆ. ನನ್ನವು ಒಳಹೋಗುವ ಮಾತ್ರೆಗಳು. ಒಂದು, ರೋಗಾಣು ತನ್ನ ಸುತ್ತ ಗೋಡೆ ಕಟ್ಟಿಕೊಳ್ಳದಂತೆ ತಡೆಯುತ್ತದೆ. ಇನ್ನೊಂದಕ್ಕೆ ಆ ಹುಳಿಯಲ್ಲೇ ಬಲ ಜಾಸ್ತಿ. ಆದರೆ ಕೆಲವು ರೋಗಾಣುಗಳು ಬೆಳೆಯುವುದನ್ನೇ ಬಿಟ್ಟು ಮಲಗಿಬಿಡುತ್ತವೆ. ಗೋಡೆಯನ್ನೇ ಕಟ್ಟದವನನ್ನು ತಡೆಯುವುದೇನು? ಅವು ಯಾವಾಗಲೋ ಒಮ್ಮೆ ಮಗ್ಗುಲು ಬದಲಿಸಿದಾಗ ಹಿಡಿಯಲು ಆ ಇಟ್ಟಿಗೆ ಬಣ್ಣದ ಕ್ಯಾಪ್ಸೂಲ್ ಅಲ್ಲಿರಬೇಕು, ಪ್ರತಿದಿನವೂ.

ಮೂರನೆಯ ತಿಂಗಳಿಗೆ ಗಂಟು ಇಳಿಯಿತು, ಮೈ ತುಂಬಿಕೊಂಡಿತು, ನನಗೆ ಸೊಕ್ಕು ಬಂತು. ಕ್ಯಾಪ್ಸೂಲಿನ ಹೊರಕವಚ ಪ್ರಾಣಿಯ ಮೂಳೆಯದೆಂದು ಅಷ್ಟರಲ್ಲಿ ಯಾರೋ ಅಜ್ಜಿಗೆ ಹೇಳಿದ್ದರು. ಉಳಿದ ದಿನ ಹಾಳಾಗಲಿ, ಏಕಾದಶಿಗೆ ಮಾತ್ರ ಬೇಡವೆಂದರು ಅಜ್ಜಿ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಏಕಾದಶಿಗೆ ಹೋಗಲಿಲ್ಲ. ದ್ವಾದಶಿಗೆ ಅಡುಗೆ ಕೆಲಸದ ನೆಪ ಹೇಳಿ ಅಂದೂ ತಪ್ಪಿಸಿಕೊಂಡೆ.

ಉಪವಾಸ ಬಿಡುವ ಪಾರಣೆಯ ಊಟಕ್ಕೆ ಸಿದ್ದಾಪುರದ ನೆಂಟರು ಬಂದು ಕೂತಿದ್ದರು. ಆಗಲೇ ಲ್ಯಾಬ್ ಆಂಟಿ ಮುಚ್ಚಿದ ಬಟ್ಟಲು ಹಿಡಿದು ಬಂದು, "ಹೆಪ್ಪಿಗೆ ಒಂಚೂರು ಮೊಸರು ಕೊಡಮ್ಮ" ಎನ್ನುತ್ತ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಬಟ್ಟಲಿನೊಳಗೆ ನನ್ನ ಮಾತ್ರೆಗಳಿದ್ದವು.

"ನೀನು ಉಪವಾಸ ಮಾಡಿದ್ರೆ ಒಳಗಿರೋ ಆ ಕಳ್ಳರಿಗೆ ಪಾರಣೆ" ಎಂದರು ಮೆಲ್ಲಗೆ. "ಅರ್ಧಕ್ಕೆ ಬಿಟ್ಟು ಮತ್ತೆ ಬಂದವರ ಸ್ಲೈಡು ಎಷ್ಟು ನೋಡಿದೀನಿ ಗೊತ್ತಾ? ನಿನ್ನದು ನೋಡೋ ಶಕ್ತಿ ನನಗಿಲ್ಲ ಕಣೆ. ನುಂಗು."

ನುಂಗಿದೆ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಏಕಾದಶಿಗೂ ಹೋಗಿಬರುತ್ತಿದ್ದೆ. ಅಜ್ಜಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪೂರ್ತಿ ವಾಸಿಯಾಯಿತು. ಎರಡು ವರ್ಷಕ್ಕೆ ಮದುವೆಯೂ ಗೊತ್ತಾಯಿತು. ಲಗ್ನಪತ್ರಿಕೆ ಇಡೀ ಬೀದಿಗೆ ಹೋಯಿತು, ಲ್ಯಾಬ್ ಆಂಟಿಯ ಮನೆಯೊಂದನ್ನು ಬಿಟ್ಟು.

"ಬೀಗರ ಮುಂದೆ ಬಾಯ್ತಪ್ಪಿ ಅಂದ್ಬಿಟ್ರೆ ಏನು ಮಾಡೋದು?" ಎಂದಳು ಅಮ್ಮ.

ನಾನು ಸುಮ್ಮನಿದ್ದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ... ಆಮೇಲೆ ತವರಿಗೆ ಹೋದಾಗೆಲ್ಲ ಆ ಮನೆಯ ಮುಂದೆ ತಲೆ ತಗ್ಗಿಸಿಕೊಂಡೇ ನಡೆದೆ. ಅಮ್ಮನೂ ಆ ಬೀದಿ ಬಿಟ್ಟ ಮೇಲೆ ಅದೂ ನಿಂತಿತು.

ಮೊನ್ನೆ ಅಂಗಡಿಯಿಂದ ನೇರ ಅಲ್ಲಿಗೇ ಹೋದೆ. ಬಾಗಿಲು ತೆರೆದದ್ದು ಅವರ ಸೊಸೆ. ಆಂಟಿ ಹೋಗಿ ಮೂರು ವರ್ಷವಾಯಿತಂತೆ. ನಾನು ಯಾರೆಂದು ಹೇಳಿದೆ. ಆಕೆಯ ಮುಖ ಅರಳಿತು.

"ಓ, ನೀವಾ! ಅತ್ತೆ ಹತ್ರ ದಿನಾ ಬೆಳಿಗ್ಗೆ ಇಂಗ್ಲಿಷ್ ಟ್ಯೂಷನ್‌ಗೆ ಬರ್ತಿದ್ರಂತಲ್ಲ? ಒಳ್ಳೇ ಹುಡುಗಿ ಅಂತ ತುಂಬ ಹೇಳೋರು."

ಸ್ವಂತ ಸೊಸೆಗೂ ಹೇಳಿರಲಿಲ್ಲ. ಬಾಯ್ತಪ್ಪಬಹುದೆಂದು ನಾವು ಮದುವೆಗೂ ಕರೆಯದ ಹೆಂಗಸು. ನನಗೆ ಅಳು ತಡೆಯಲಾಗಲಿಲ್ಲ.

"ಟ್ಯೂಷನ್‌ಗಲ್ಲ," ಎಂದೆ. "ನನಗೆ ಟಿಬಿ ಆಗಿತ್ತು. ನಿಮ್ಮತ್ತೆ ನನ್ನ ಉಳಿಸಿದ್ರು."

ಹೊರಗಿನವರೊಬ್ಬರಿಗೆ ನಾನು ಈ ಮಾತು ಹೇಳಿದ್ದು ಅದೇ ಮೊದಲು. ಕೇಳಬೇಕಿದ್ದವರು ಆ ಮನೆಯಲ್ಲಿ ಇರಲಿಲ್ಲ.