ಚಾಂದಬೀ ಕಾಕಿಯ ಮಗ ನುಡಿಸಿದ ಪ್ಲೇಟು

ಕೂಸಿನ ಗಾದಿಯಲ್ಲಿ ಗಂಟುಗಳಿದ್ದವು. ಹೊಸದಾಗಿ ಹಿಂಜಿಸಿದ ಅರಳೆ, ಆದರೂ ಮಲಗಿಸಿದರೆ ಬೆನ್ನಿಗೆ ಒತ್ತಿ ಅಳುತ್ತಿತ್ತು. ಒಂದು ಬಗಲಿಗೆ ಗಾದಿ, ಇನ್ನೊಂದಕ್ಕೆ ಕೂಸು ಹಾಕಿಕೊಂಡು ಹಿಂದಿನ ಓಣಿಯ ನಬಿಸಾಬ ಕಾಕಾನ ಮನೆಗೆ ಹೋದೆ. ಶಹಾಪುರದಲ್ಲಿ ಅವನಷ್ಟು ಹಗುರಾಗಿ ಅರಳೆ ಹಿಂಜುವವರಿರಲಿಲ್ಲ. ನನ್ನ ಮದುವೆಯ ಗಾದಿಯೂ ಅವನ ಕೈಯದೇ.

"ಕಾಕಾ, ನಾ ಕೊಟ್ಟಿದ್ದು ಅರಳಿ. ನೀವು ಬಟಾಟಿ ತುಂಬಿ ಕೊಟ್ಟೀರಲ್ರಿ!"

ಅವನು ನಗಲಿಲ್ಲ. ಗಾದಿಯನ್ನು ಒತ್ತಿ ನೋಡಿ, "ನೀ ಒಬ್ಬಾಕಿ ಅಲ್ಲ ತಂಗಿ. ಎಲ್ಲಾರೂ ಇದನ್ನೇ ಅನ್ನಾಕತ್ಯಾರ," ಎಂದ.

ಹಿಂಜುವ ಬಿಲ್ಲು ಜಂತಿಗೆ ತೂಗುಬಿದ್ದಿತ್ತು. ತಂತಿ ಮುಟ್ಟಿದೆ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತಾಡಿತು.

"ಸಡ್ಲ ಆಗ್ಯಾದಲ್ರಿ ಕಾಕಾ."

"ಸಡ್ಲ ಹೆಂಗಾಗ್ತದ? ದಿನಾ ಮುಂಜಾನೆ ಮಶಾಕನ ಪ್ಲೇಟಿನ ಸ್ವರಕ್ಕ ಕೂಡಿಸಿಕೊಂಡೇ ಕೆಲಸಕ್ಕ ಕೂಡ್ತೀನಿ."

ಮಶಾಕ ಅವರ ಒಬ್ಬನೇ ಮಗ. ಅಪ್ಪನ ಜೊತೆ ಹೈದರಾಬಾದಿನ ಒಬ್ಬ ನವಾಬರ ಅರಮನೆಯಂಥ ದೇವಡಿಗೆ ಅರಳೆ ಹಿಂಜಲು ಹೋದವನು. ಅಲ್ಲಿಯ ಬ್ಯಾಂಡಿನ ಗೋವಾ ಮಾಸ್ತರ ಇವನು ಬಿಲ್ಲು ಮಿಡಿಯುವುದನ್ನು ಕಂಡು ಡಬಲ್ ಬೇಸ್ ಕೈಗೆ ಕೊಟ್ಟ. ಆಳಿಗಿಂತ ಎತ್ತರದ ಪಿಟೀಲು ಅದು, ನಿಂತು ತಬ್ಬಿಕೊಂಡು ನುಡಿಸಬೇಕು. ಅದರ ತಂತಿಯೂ ಕುರಿಯ ಕರುಳಿನದೇ, ಇವರ ಬಿಲ್ಲಿನ ಹಾಗೆ. ಹತ್ತೊಂಬತ್ತರ ವಯಸ್ಸಿಗೆ ಅವನೊಬ್ಬನೇ ನುಡಿಸಿದ್ದೊಂದು ಪ್ಲೇಟಾಗಿ ಬಂತು. ಬಕ್ರೀದಿಗೆ ಬಂದವನು ಆ ಪ್ಲೇಟನ್ನೂ, ದೇವಡಿಯವರು ಬೇಡವೆಂದು ಕೊಟ್ಟ ಹಳೆಯ ಗ್ರಾಮೋಫೋನನ್ನೂ ಮನೆಯಲ್ಲಿಟ್ಟು ಹೋದ.

ಮರುವರ್ಷ ಗದ್ದಲ. ನಿಜಾಮರ ರಾಜ್ಯ ಹೋಯಿತು, ಬ್ಯಾಂಡು ಚದುರಿತು. ಮಶಾಕ ಊರಿನ ಕಡೆ ರೈಲು ಹತ್ತಿದ್ದನ್ನು ಕಂಡವರಿದ್ದಾರೆ. ನಮಗೆ ಹತ್ತಿರದ ಯಾದಗಿರಿ ಸ್ಟೇಶನ್ನಿನಲ್ಲಿ ಇಳಿದದ್ದನ್ನು ಕಂಡವರಿಲ್ಲ.

ಕಾಕಾ ಸ್ಟೇಶನ್ನು ಸ್ಟೇಶನ್ನು ಕೇಳುತ್ತ ಹೋಗಿ ಬಂದ. ಬಂದವನು, ಸತ್ತವರಿಗೆ ಓದಿಸುವ ಫಾತಿಹಾ ಮಗನ ಹೆಸರಿನಲ್ಲಿ ಓದಿಸೋಣ ಎಂದ. ಚಾಂದಬೀ ಕಾಕಿ ಒಪ್ಪಲಿಲ್ಲ. "ಜೀವಂತ ಇದ್ದ ಮಗನ ಹೆಸರಿಲೆ ಯಾರರ ಓದಿಸ್ತಾರೇನ?" ಅಂದಿನಿಂದ ಪ್ರತಿ ಹಬ್ಬಕ್ಕೂ ಅವನು ಕೇಳುವುದು, ಅವಳು ಒಲೆಯ ಕಡೆ ತಿರುಗಿ ಕೂಡುವುದು.

ನಾನು ಹೋದ ದಿನ ಕಾಕಿ ಚಾವಿ ಕೊಟ್ಟು ಪ್ಲೇಟು ಹಾಕಿದಳು. ತುಂಬಿದ ಬಂಡಿ ಏರು ಹತ್ತುವ ಹಾಗಿತ್ತು ಅದರ ನಡೆ. ಒಂದು ಸ್ವರ ಎದ್ದು, ಮುಂದೆ ಹೋಗಲೋ ಬೇಡವೋ ಎಂದು ನಿಂತು, ಭಾರದಿಂದಲೇ ಇನ್ನೊಂದಕ್ಕೆ ಜಾರುತ್ತಿತ್ತು. ಕಿವಿಗಿಂತ ಮೊದಲು ಎದೆಗೆ ತಾಗುವ ದನಿ. ನನ್ನ ಕೂಸು ಅಳು ನಿಲ್ಲಿಸಿತು.

"ಕೇಳಿದೇನ ತಂಗಿ?" ಕಾಕಿ ಪಿಸುಗುಟ್ಟಿದಳು. "ಮೊದಲ ಹಿಂಗ ಇರಲಿಲ್ಲ, ಹುಡುಗರ ದನಿ ಇತ್ತು. ಈಗ ಕೈ ಭಾರ ಆಗ್ಯಾದ, ದನಿ ಒಡದಾದ. ಎಲ್ಲೋ ಇದ್ದು ದೊಡ್ಡವ ಆಗಾಕತ್ಯಾನ ನನ್ನ ಮಗ."

ನಾನು ಕಾಕಾನ ಮುಖ ನೋಡಿದೆ. ಅವನು ಬಿಲ್ಲು ನೋಡುತ್ತಿದ್ದ.

ಗಡಿಯಾರ ರಿಪೇರಿಯ ಪರಮಣ್ಣನನ್ನು ಕಾಕಾ ಅವತ್ತೇ ಕರೆತಂದ. ಪರಮಣ್ಣ ಭಜನೆಗೆ ಹಾರ್ಮೋನಿಯಂ ಹಿಡಿಯುವವನು. ಗ್ರಾಮೋಫೋನಿಗೆ ಕಿವಿಯಿಟ್ಟು ಸ್ವಲ್ಪ ಹೊತ್ತು ಕೂತ.

"ಮಶಾಕ ತಂದ ದಿನ ನಾನೂ ಕೇಳೀನಿ. ಆವತ್ತು ನನ್ನ ಹಾರ್ಮೋನಿಯಮ್ಮಿನ ಬಿಳಿ ಎರಡನೇ ಪಟ್ಟಿ ಸ್ವರಕ್ಕ ಕೂಡಿತ್ತು. ಈಗ ಬಿಳಿ ಒಂದಕ್ಕಿಂತಲೂ ಕೆಳಗ ಬಿದ್ದಾದ. ಹುಡುಗನ ಕೈ ಅಲ್ಲ ಕಾಕಿ, ಸ್ಪ್ರಿಂಗು ಸೋತದ, ಎಣ್ಣಿ ಒಣಗಿ ಅಂಟಾಗ್ಯಾದ. ಪ್ಲೇಟು ಮೆಲ್ಲಕ ತಿರಗತಾದ, ಅದಕ್ಕ ಸ್ವರ ಇಳಿದಾದ. ನಬಿಸಾಬಣ್ಣ ಅದರ ಬೆನ್ನ ಹತ್ತಿ ದಿನಾ ಕೂದಲೆಳಿಯಷ್ಟು ತಂತಿ ಸಡ್ಲ ಮಾಡಿಕೋತ ಬಂದಾನ."

ಕಾಕಿ ಗ್ರಾಮೋಫೋನಿನ ಮೇಲೆ ಎರಡೂ ಕೈ ಊರಿದಳು. "ಮುಟ್ಟಬ್ಯಾಡ."

"ನಾವು ಹೊಟ್ಟಿಗೆ ಏನ್ ತಿನ್ನೂಣು?" ಎಂದ ಕಾಕಾ.

"ನನ್ನ ಮಗನ್ನ ತಿನ್ನು."

ಪರಮಣ್ಣ ಮೆಲ್ಲಗೆ, "ಬಿಲ್ಲಷ್ಟೇ ಬಿಗಿ ಮಾಡ್ಕೋ ಅಣ್ಣಾ. ಗ್ರಾಮೋಫೋನು ಇದ್ದಂಗ ಇರಲಿ," ಎಂದ.

ಕಾಕಾ ತಂತಿ ಬಿಗಿದ. ನನ್ನದೇ ಗಾದಿ ಬಿಚ್ಚಿ, ಅರಳೆ ಸುರಿದು, ಕಟ್ಟಿಗೆಯ ಕೊಡತಿಯಿಂದ ತಂತಿ ಮಿಡಿದ. ಗಂಟುಗಳು ಒಡೆದು ಅರಳೆ ನೊರೆಯ ಹಾಗೆ ಮೇಲೆದ್ದಿತು. ತಂತಿಯ ಝೇಂಕಾರ ಮನೆ ತುಂಬಿತು, ಹಳೆಯ ಝೇಂಕಾರ, ಮಶಾಕ ತೊಟ್ಟಿಲಿನಿಂದ ಕೇಳಿದ್ದು. ಕಾಕಿ ತಟ್ಟನೆ ತಲೆಯೆತ್ತಿದಳು. ಎದ್ದು ಪ್ಲೇಟು ಹಾಕಿದಳು. ಎರಡು ದನಿಗಳು ಕೂಡಲಿಲ್ಲ. ಮಶಾಕ ತಂದ ಹೊಸದರಲ್ಲಿ ಅಪ್ಪನ ಬಿಲ್ಲು, ಮಗನ ಪ್ಲೇಟು ಒಂದೇ ಮನೆಯವರ ಹಾಗೆ ಕೂಡುತ್ತಿದ್ದವು. ಅದು ಅವಳಿಗೆ ಗೊತ್ತಿತ್ತು. ಪ್ಲೇಟು ಮುಗಿಯುವ ತನಕ ನಿಂತಿದ್ದು, ಪರಮಣ್ಣನ ಕಡೆ ನೋಡದೆ, "ಒಯ್ದು ಸುದ್ದ ಮಾಡು," ಎಂದಳು.

ಪರಮಣ್ಣ ರಿಪೇರಿ ಮಾಡಿ ತಂದ ದಿನ ನನ್ನನ್ನೂ ಕರೆದರು. ಪ್ಲೇಟಿನ ಮೇಲೆ ಮುಳ್ಳು ಇಳಿಯಿತು. ಅದೇ ರಾಗ, ಅದೇ ದುಃಖ. ಆದರೆ ದುಃಖ ಎಂದರೇನೆಂದು ಇನ್ನೂ ಕಾಣದ ಹುಡುಗ ನುಡಿಸಿದ್ದು. ನಡೆ ಚುರುಕು, ಕೈಯಲ್ಲಿ ಅವಸರ, ಮಾಸ್ತರ ಶಹಬ್ಬಾಸ್ ಅನ್ನಲಿ ಎಂಬ ಆಸೆ.

ಕಾಕಿ ಕಣ್ಣು ಮಿಟುಕಿಸದೆ ಕೇಳಿದಳು.

"ಅಲ್ಲೇ ಅದಾನ," ಎಂದಳು. "ಒಂದು ದಿನಾನೂ ದೊಡ್ಡವ ಆಗಿಲ್ಲ."

ಶುಕ್ರವಾರ ಮಧ್ಯಾಹ್ನ ಕಾಕಾ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಚಪಾತಿ ಮುರಿದು ಬೆಲ್ಲ, ತುಪ್ಪ ಕಲಸಿದ ಮಾಲಿದಾ.

"ಮಶಾಕನ ಹೆಸರಿಂದು," ಎಂದ. "ಫಾತಿಹಾ ಆತು. ಆಕಿನೇ ಕೈಯಾರೆ ಮಾಡ್ಯಾಳ."

ಒಂದು ಚೂರು ಕೂಸಿನ ನಾಲಿಗೆಗೆ ಮುಟ್ಟಿಸಿ ಉಳಿದದ್ದನ್ನು ನಿಂತಲ್ಲೇ ತಿಂದೆ. ಕಾಕಾ ಹೊಸ್ತಿಲಾಚೆ ಕಾಯುತ್ತ ನಿಂತಿದ್ದ. ತಟ್ಟೆ ತೊಳೆದು ಕೊಟ್ಟೆ.